ಕರೆಂಟು ತಪ್ಪಿದಾಗ ಹಿಡಿಯುವ ಬ್ರೇಕು: ವಿದ್ಯುತ್ ಗಾಲಿಕುರ್ಚಿಯ ದೋಷ ಪತ್ತೆ ಮತ್ತು ದುರಸ್ತಿ

ಸೈಕಲ್ಲು, ಸ್ಕೂಟರು, ಕಾರುಗಳಲ್ಲಿ ಬ್ರೇಕಿನ ಸಹಜ ಸ್ಥಿತಿಯೆಂದರೆ ಬಿಟ್ಟಿರುವುದು. ಕೈಯಿಂದಲೋ ಕಾಲಿನಿಂದಲೋ ಒತ್ತಿದಾಗ ಮಾತ್ರ ಅದು ಹಿಡಿಯುತ್ತದೆ. ವಿದ್ಯುತ್ ಗಾಲಿಕುರ್ಚಿಯಲ್ಲಿ ಈ ಲೆಕ್ಕ ತಿರುವುಮುರುವಾಗಿದೆ. ಅಲ್ಲಿ ಬ್ರೇಕಿನ ಸಹಜ ಸ್ಥಿತಿಯೆಂದರೆ ಹಿಡಿದಿರುವುದು. ಸ್ವಿಚ್ ಆರಿಸಿಟ್ಟಾಗ, ಬ್ಯಾಟರಿ ಬಿಚ್ಚಿಟ್ಟಾಗ, ದಾರಿಯ ಮಧ್ಯೆ ಒಂದು ತಂತಿ ಕಡಿದುಹೋದಾಗ ಅದು ಹಿಡಿದೇ ಇರುತ್ತದೆ. ವಿದ್ಯುತ್ ಹರಿದಾಗಷ್ಟೇ ಬಿಡುತ್ತದೆ. ಇಳಿಜಾರಿನಲ್ಲಿ ಕೂತಿರುವ, ಕಾಲನ್ನು ನೆಲಕ್ಕೆ ಊರಿ ಕುರ್ಚಿಯನ್ನು ತಡೆಯಲಾರದ ವ್ಯಕ್ತಿಯ ಸುರಕ್ಷತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಆದರೆ ದುರಸ್ತಿಗೆ ಕೂತವರನ್ನು ದಾರಿ ತಪ್ಪಿಸುವುದೂ ಇದೇ. ಮೋಟಾರು ಸುಟ್ಟಿದೆಯೆಂದು ತಂದ ಕುರ್ಚಿಯಲ್ಲಿ ಎಷ್ಟೋ ಸಲ ಕೆಟ್ಟಿರುವುದು ಬ್ರೇಕು. ಬ್ರೇಕು ಬಿಡುತ್ತಿಲ್ಲವೆಂದು ತಂದ ಕುರ್ಚಿಯಲ್ಲಿ ಸೊರಗಿರುವುದು ಬ್ಯಾಟರಿ.

ಈ ಬಗೆಯ ಕುರ್ಚಿಯ ಮೂಲ ವಿನ್ಯಾಸ ಎರಡನೆಯ ಮಹಾಯುದ್ಧದ ನಂತರದ್ದು. ಯುದ್ಧದಲ್ಲಿ ಗಾಯಗೊಂಡು ಕೈಕಾಲುಗಳ ಬಲ ಕಳೆದುಕೊಂಡ ಯೋಧರಿಗಾಗಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಜಾರ್ಜ್ ಕ್ಲೈನ್ ಮತ್ತು ಅವರ ಸಂಗಡಿಗರು 1950ರ ದಶಕದ ಆರಂಭದಲ್ಲಿ ರೂಪಿಸಿದ ಕುರ್ಚಿಯಲ್ಲಿಯೇ ಜಾಯ್‌ಸ್ಟಿಕ್ಕೂ ಇತ್ತು, ಎಡಬಲದ ಚಕ್ರಗಳಿಗೆ ಪ್ರತ್ಯೇಕ ಚಾಲನೆಯೂ ಇತ್ತು. ಸ್ಟಿಯರಿಂಗ್ ಎಂಬುದು ಇಲ್ಲಿಲ್ಲ. ಒಂದು ಚಕ್ರ ವೇಗವಾಗಿಯೂ ಇನ್ನೊಂದು ನಿಧಾನವಾಗಿಯೂ ಉರುಳಿದರೆ ಕುರ್ಚಿ ತಿರುಗುತ್ತದೆ. ದುರಸ್ತಿ ಮಾಡುವವರಿಗೆ ಈ ಜೋಡಿ ವ್ಯವಸ್ಥೆ ದೊಡ್ಡ ಅನುಕೂಲ. ಎಡಗಡೆಯ ಮೋಟಾರಿನ ಮೇಲೆ ಅನುಮಾನ ಬಂದರೆ ಸರಿಯಾದ ಅಳತೆ ಎಷ್ಟಿರಬೇಕೆಂದು ಕೈಪಿಡಿ ಹುಡುಕಬೇಕಾಗಿಲ್ಲ, ಹೋಲಿಸಿ ನೋಡಲು ಬಲಗಡೆಯದು ಪಕ್ಕದಲ್ಲೇ ಇರುತ್ತದೆ. ಎರಡೂ ಒಂದೇ ದಿನ ಒಂದೇ ರೀತಿಯಲ್ಲಿ ಕೆಡುವುದು ಅಪರೂಪ. ಹಾಗೆ ಕಂಡುಬಂದರೆ ದೋಷವನ್ನು ಎರಡಕ್ಕೂ ಸೇರಿದ ಬ್ಯಾಟರಿಯಲ್ಲಿ ಅಥವಾ ಕಂಟ್ರೋಲರಿನಲ್ಲಿ (ಜಾಯ್‌ಸ್ಟಿಕ್ಕಿನ ಆಜ್ಞೆಯಂತೆ ಮೋಟಾರು, ಬ್ರೇಕುಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಹುಡುಕಬೇಕು. ಮುಂದೆ ಹೇಳಲಿರುವ ಪರೀಕ್ಷೆಗಳೆಲ್ಲವೂ ಈ ಹೋಲಿಕೆಯನ್ನೇ ನಂಬಿವೆ.

ಮೊದಲು ಅಂಗರಚನೆಯನ್ನು ತಿಳಿಯೋಣ. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಪ್ರತಿ ಮೋಟಾರಿನ ಒಂದು ತುದಿಗೆ ಗೇರ್‌ಬಾಕ್ಸ್, ಅದರಾಚೆಗೆ ಚಕ್ರ. ಇನ್ನೊಂದು ತುದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ ಬ್ರೇಕು. ಮೋಟಾರಿನಿಂದ ಹೊರಡುವ ಕೇಬಲ್ಲಿನಲ್ಲಿ ನಾಲ್ಕು ತಂತಿಗಳಿರುತ್ತವೆ: ದಪ್ಪನೆಯ ಎರಡು ಮೋಟಾರಿನವು, ತೆಳುವಾದ ಎರಡು ಬ್ರೇಕಿನವು. ಈ ದಪ್ಪ ಮತ್ತು ತೆಳು ತಂತಿಗಳ ವ್ಯತ್ಯಾಸವನ್ನು ಗುರುತಿಟ್ಟುಕೊಂಡರೆ ಅರ್ಧ ಗೊಂದಲ ಕಳೆದಂತೆ. ಈಚೆಗೆ ಹೆಚ್ಚು ಮಾರಾಟವಾಗುತ್ತಿರುವ, ಮಡಚಿ ಕಾರಿನಲ್ಲಿ ಇಡಬಹುದಾದ ಹಗುರ ಕುರ್ಚಿಗಳಲ್ಲಿ ಬ್ರಷ್ (ತಿರುಗುವ ಸುರುಳಿಗೆ ವಿದ್ಯುತ್ ದಾಟಿಸುವ ಕಾರ್ಬನ್ ತುಂಡು) ಇಲ್ಲದ ಮೋಟಾರುಗಳೂ ಇವೆ. ಅವುಗಳಲ್ಲಿ ಮೂರು ದಪ್ಪ ತಂತಿಗಳೂ ಸೆನ್ಸರಿನ ಹಲವು ತೆಳು ತಂತಿಗಳೂ ಇರುತ್ತವೆ. ಬ್ರಷ್‌ಗಳ ಕುರಿತ ಮಾತುಗಳು ಅವಕ್ಕೆ ಅನ್ವಯಿಸುವುದಿಲ್ಲ, ಬ್ರೇಕಿನ ಮಾತುಗಳು ಅನ್ವಯಿಸುತ್ತವೆ. ನಮ್ಮ ರಸ್ತೆಗಳಲ್ಲಿ ಕಾಣುವ, ಹ್ಯಾಂಡಲ್ಲಿನಲ್ಲಿ ಕೈಬ್ರೇಕು ಇರುವ ಮೋಟಾರು ತ್ರಿಚಕ್ರಗಳು ಬೇರೆಯೇ ಜಾತಿಯವು. ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಜಾಯ್‌ಸ್ಟಿಕ್ ಬಿಟ್ಟಾಗ ಕುರ್ಚಿಯನ್ನು ನಿಲ್ಲಿಸುವುದು ಈ ಬ್ರೇಕು ಅಲ್ಲ, ಮೋಟಾರೇ ಎಂಬುದು ಹಲವರಿಗೆ ತಿಳಿದಿಲ್ಲ. ಶಾಶ್ವತ ಅಯಸ್ಕಾಂತವಿರುವ ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದು ಡೈನಮೋ ಆಗುತ್ತದೆ. ಓಡುತ್ತಿರುವ ಕುರ್ಚಿಯ ಮೋಟಾರಿಗೆ ಕಂಟ್ರೋಲರು ವಿದ್ಯುತ್ ಕೊಡುವುದನ್ನು ತಗ್ಗಿಸುತ್ತ ಬಂದಾಗ ಮೋಟಾರು ತಾನೇ ವಿದ್ಯುತ್ ಹುಟ್ಟಿಸುತ್ತದೆ, ಆ ಕೆಲಸಕ್ಕೆ ಚಕ್ರದ ವೇಗವನ್ನು ವ್ಯಯಿಸುತ್ತದೆ, ಕುರ್ಚಿ ಮೆಲ್ಲನೆ ನಿಲ್ಲುತ್ತದೆ. ಪೂರ್ತಿ ನಿಂತ ಮೇಲೆ ‘ಟಕ್’ ಎಂಬ ಸದ್ದಿನೊಂದಿಗೆ ಬ್ರೇಕು ಹಿಡಿಯುತ್ತದೆ. ಅಂದರೆ ಅದು ನಿಲ್ಲಿಸುವ ಬ್ರೇಕಲ್ಲ, ನಿಂತದ್ದನ್ನು ಹಿಡಿದಿಡುವ ಬ್ರೇಕು. ಓಡುತ್ತಿರುವಾಗಲೇ ಸ್ವಿಚ್ ಆರಿಸಿ ಕುರ್ಚಿ ನಿಲ್ಲಿಸುವ ಅಭ್ಯಾಸವಿದ್ದರೆ ಹಿಡಿದಿಡುವುದಕ್ಕಾಗಿ ಮಾಡಿದ ತೆಳು ಬಿಲ್ಲೆಯ ಮೇಲೆ ಇಡೀ ಕುರ್ಚಿಯ ಓಟದ ಹೊರೆ ಒಮ್ಮೆಲೇ ಬೀಳುತ್ತದೆ. ತುರ್ತು ಸಂದರ್ಭದಲ್ಲಿ ಹಾಗೆ ಮಾಡಲೇಬೇಕು. ದಿನವೂ ಮಾಡಿದರೆ ಬ್ರೇಕು ಬೇಗ ಸವೆಯುತ್ತದೆ.

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ಫ್ರೀವೀಲ್ ಲಿವರನ್ನು ನೋಡಬೇಕು. ಕೆಟ್ಟುನಿಂತ ಕುರ್ಚಿಯನ್ನು ಕೈಯಿಂದ ತಳ್ಳಲು ಅನುವಾಗುವಂತೆ ಪ್ರತಿ ಮೋಟಾರಿಗೂ ಅಂಥದೊಂದು ಲಿವರ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಬ್ರೇಕನ್ನು ಬಿಡಿಸುತ್ತದೆ, ಕೆಲವುಗಳಲ್ಲಿ ಗೇರನ್ನೇ ಚಕ್ರದಿಂದ ಬೇರ್ಪಡಿಸುತ್ತದೆ. ನೆಲ ಗುಡಿಸುವಾಗಲೋ ಕಾರಿಗೆ ಹತ್ತಿಸುವಾಗಲೋ ಒಂದು ಬದಿಯ ಲಿವರನ್ನು ಯಾರಾದರೂ ತಿರುಗಿಸಿ ಮರೆತಿದ್ದರೆ ಕುರ್ಚಿ ಇದ್ದಲ್ಲೇ ಸುತ್ತಬಹುದು, ಕಂಟ್ರೋಲರು ಓಡಿಸಲು ನಿರಾಕರಿಸಬಹುದು, ಅಥವಾ ಎಲ್ಲವೂ ಸರಿಯಿದ್ದಂತೆ ಓಡಿ ಇಳಿಜಾರಿನಲ್ಲಿ ಮಾತ್ರ ಜಾರಬಹುದು. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ. ಕುರ್ಚಿ ಒಂದು ಬದಿಗೆ ಎಳೆಯುತ್ತಿದ್ದರೆ ಟೈರುಗಳ ಗಾಳಿಯನ್ನೂ ಮುಂದಿನ ಸಣ್ಣ ಚಕ್ರಗಳ ಬೇರಿಂಗಿಗೆ ಸುತ್ತಿಕೊಂಡ ಕೂದಲು, ದಾರಗಳನ್ನೂ ನೋಡಿದ ಮೇಲೆಯೇ ಮೋಟಾರಿನ ಮಾತು ಎತ್ತಬೇಕು.

ಬ್ಯಾಟರಿಯನ್ನೂ ಆರಂಭದಲ್ಲೇ ಒರೆಗೆ ಹಚ್ಚಬೇಕು. ಪೂರ್ಣ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಸೀಸ-ಆಮ್ಲ ಬ್ಯಾಟರಿ ಜೋಡಿ ಸುಮಾರು 25.5 ವೋಲ್ಟ್ ತೋರಿಸಬೇಕು. ಆದರೆ ಸುಮ್ಮನಿದ್ದಾಗಿನ ಅಳತೆಯಿಂದ ಏನೂ ಸಾಬೀತಾಗುವುದಿಲ್ಲ. ಮುದಿ ಬ್ಯಾಟರಿ ನಿಂತಾಗ 25 ವೋಲ್ಟ್ ತೋರಿಸಿ, ಏರು ಹತ್ತುವ ಹೊತ್ತಿಗೆ 20ಕ್ಕೂ ಕೆಳಗೆ ಕುಸಿಯಬಲ್ಲದು. ಹೊರೆ ಬಿದ್ದಾಗ ಮೀಟರ್ ಹಿಡಿದು ನೋಡಿದರೆ ಮಾತ್ರ ಅದರ ನಿಜ ತಿಳಿಯುತ್ತದೆ.

ಇನ್ನು ಕೆಲಸಕ್ಕೆ ಇಳಿಯಬಹುದು. ಕೂತವರನ್ನು ಇಳಿಸಿ, ಸಮತಟ್ಟಾದ ನೆಲದಲ್ಲಿ ಕುರ್ಚಿಯ ಚೌಕಟ್ಟಿನ ಕೆಳಗೆ ಗಟ್ಟಿ ಮರದ ತುಂಡುಗಳನ್ನಿಟ್ಟು ಚಾಲಕ ಚಕ್ರಗಳು ನೆಲದಿಂದ ಮೇಲೇಳುವಂತೆ ಮಾಡಬೇಕು. ಬ್ಯಾಟರಿಯ ಕನೆಕ್ಟರ್ ಕಳಚಬೇಕು. ಉಂಗುರ, ಬಳೆ, ಕೊರಳ ಸರಗಳನ್ನು ತೆಗೆದಿಡಬೇಕು. 24 ವೋಲ್ಟ್ ಮೈಗೆ ಶಾಕ್ ಹೊಡೆಯದಿರಬಹುದು, ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿಕೊಂಡ ಉಂಗುರ ಕ್ಷಣಮಾತ್ರದಲ್ಲಿ ಕಾದು ಕೆಂಪಾಗಿ ಬೆರಳನ್ನು ಸುಡುತ್ತದೆ.

ಮೊದಲ ಪರೀಕ್ಷೆಗೆ ಮೀಟರ್ ಕೂಡ ಬೇಡ. ಅನುಮಾನವಿರುವ ಮೋಟಾರಿನ ಕೇಬಲ್ಲನ್ನು ಕಂಟ್ರೋಲರಿನಿಂದ ಬಿಡಿಸಿ, ಲಿವರಿನಿಂದ ಬ್ರೇಕನ್ನು ಬಿಡಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು (ಲಿವರ್ ಗೇರನ್ನೇ ಬೇರ್ಪಡಿಸುವ ಮಾದರಿಗಳಿಗೆ ಈ ಪರೀಕ್ಷೆ ಹೊಂದದು). ಅದು ಒಂದೇ ಸಮನೆ, ಎಲ್ಲೂ ಕಚ್ಚದೆ ತಿರುಗಬೇಕು. ಅನಂತರ ಎರಡು ದಪ್ಪ ತಂತಿಗಳ ತುದಿಗಳನ್ನು ಒಂದು ತುಂಡು ತಂತಿಯಿಂದ ಪರಸ್ಪರ ಜೋಡಿಸಿ ಮತ್ತೆ ತಿರುಗಿಸಬೇಕು. ಈಗ ಚಕ್ರ ಗಮನಾರ್ಹವಾಗಿ ಬಿಗಿಯಾಗಿರಬೇಕು, ಏಕೆಂದರೆ ಹುಟ್ಟಿದ ವಿದ್ಯುತ್ತಿಗೆ ಹರಿಯಲು ದಾರಿ ಸಿಕ್ಕಿ ಮೋಟಾರು ತನ್ನನ್ನು ತಾನೇ ತಡೆಯುತ್ತದೆ. ಬಿಗಿಯಾದರೆ ಸುರುಳಿ, ಬ್ರಷ್, ತಂತಿ ಮೂರೂ ಒಂದಕ್ಕೊಂದು ಜೋಡಿಕೊಂಡಿವೆ ಎಂದರ್ಥ. ಜೋಡಿಸಿದರೂ ಬಿಟ್ಟರೂ ಒಂದೇ ರೀತಿ ಸಡಿಲವಾಗಿದ್ದರೆ ಎಲ್ಲೋ ಸಂಪರ್ಕ ತಪ್ಪಿದೆ. ಹತ್ತರಲ್ಲಿ ಬಹುಪಾಲು ಸಲ ಅದು ಸವೆದ ಬ್ರಷ್. ಜೋಡಿಸದಿದ್ದಾಗಲೂ ಬಿಗಿಯಾಗಿದ್ದರೆ ಬ್ರೇಕು ಉಜ್ಜುತ್ತಿರಬೇಕು, ಗೇರ್‌ಬಾಕ್ಸ್ ಕಚ್ಚಿರಬೇಕು, ಇಲ್ಲವೇ ಮೋಟಾರಿನೊಳಗೇ ಶಾರ್ಟ್ ಆಗಿರಬೇಕು. ಯಾವುದು ಎಷ್ಟು ಬಿಗಿ ಎಂಬುದಕ್ಕೆ ಅಂಕಿ ಬೇಕಾಗಿಲ್ಲ, ಇನ್ನೊಂದು ಬದಿಯ ಚಕ್ರವನ್ನು ತಿರುಗಿಸಿದರೆ ಕೈಗೇ ಗೊತ್ತಾಗುತ್ತದೆ.

ಮಲ್ಟಿಮೀಟರಿನಿಂದ ಅಳೆಯುವಾಗ ಎರಡು ಎಚ್ಚರಿಕೆಗಳು ಬೇಕು. ಮೋಟಾರಿನ ಪ್ರತಿರೋಧ ತೀರಾ ಕಡಿಮೆ, ಹಲವು ಸಲ 1 ಓಮ್‌ಗಿಂತಲೂ ಕಡಿಮೆ. ಮೀಟರಿನ ತಂತಿಗಳದೇ ಒಂದಿಷ್ಟು ಪ್ರತಿರೋಧವಿರುವುದರಿಂದ ಮೊದಲು ಅವುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಬೇಕು. ಎರಡನೆಯದಾಗಿ, ಒಂದೇ ಜಾಗದಲ್ಲಿ ಅಳೆದು ಬಿಡಬಾರದು; ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹತ್ತಾರು ಕಡೆ ಅಳೆಯಬೇಕು. ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದು, ಒಂದೆರಡು ಕಡೆ ಮಾತ್ರ ಏಕಾಏಕಿ ಏರಿದರೆ ಕಮ್ಯುಟೇಟರಿನ (ಬ್ರಷ್ ಒರಗುವ, ಶಾಫ್ಟಿನೊಂದಿಗೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆ) ಆ ಪಟ್ಟಿ ಸುಟ್ಟಿದೆ ಅಥವಾ ಅದಕ್ಕೆ ಸೇರಿದ ಸುರುಳಿ ಕಡಿದಿದೆ. ‘ಕೆಲವೊಮ್ಮೆ ಹೊರಡುವುದಿಲ್ಲ, ಸ್ವಲ್ಪ ತಳ್ಳಿದರೆ ಹೊರಡುತ್ತದೆ’ ಎಂಬ ದೂರಿನ ಗುಟ್ಟು ಇದೇ: ಮೋಟಾರು ಆ ಕೆಟ್ಟ ಪಟ್ಟಿಯ ಮೇಲೆ ಬಂದು ನಿಂತಾಗ ಹೊರಡುವುದಿಲ್ಲ. ಕಡೆಗೆ ದಪ್ಪ ತಂತಿಗೂ ಮೋಟಾರಿನ ಲೋಹದ ಮೈಗೂ ನಡುವೆ ಅಳೆಯಬೇಕು. ಅಲ್ಲಿ ಯಾವ ಸಂಪರ್ಕವೂ ಇರಬಾರದು. ಇದ್ದರೆ ಒಳಗೆ ಕಾರ್ಬನ್ ಪುಡಿಯೋ ನೀರೋ ಸೇರಿದೆ.

ದೋಷ ಮೋಟಾರಿನದೋ ಕಂಟ್ರೋಲರಿನದೋ ಎಂಬ ಪ್ರಶ್ನೆ ಉಳಿದರೆ ಅದಲು ಬದಲು ಮಾಡುವುದೇ ಉತ್ತಮ ಉಪಾಯ. ಚಕ್ರಗಳು ಮೇಲೆದ್ದಿರುವಂತೆಯೇ ಎಡ ಮೋಟಾರಿನ ಕನೆಕ್ಟರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ, ಬ್ಯಾಟರಿಯನ್ನು ಮತ್ತೆ ಜೋಡಿಸಿ ಜಾಯ್‌ಸ್ಟಿಕ್ ಸರಿಸಬೇಕು. ದೋಷ ಮೋಟಾರಿನ ಜೊತೆಗೆ ಜಾಗ ಬದಲಿಸಿದರೆ ಮೋಟಾರು ಅಥವಾ ಅದರ ಕೇಬಲ್ ಕೆಟ್ಟಿದೆ. ಕಂಟ್ರೋಲರಿನ ಅದೇ ಸಾಕೆಟ್ಟಿನಲ್ಲಿ ಉಳಿದರೆ ಕಂಟ್ರೋಲರು ಕೆಟ್ಟಿದೆ. ಹೀಗೆ ಅದಲು ಬದಲಾದ ಸ್ಥಿತಿಯಲ್ಲಿ ಕುರ್ಚಿಯನ್ನು ನೆಲಕ್ಕಿಳಿಸಿ ಓಡಿಸಬಾರದು, ಎಡಕ್ಕೆಂದರೆ ಅದು ಬಲಕ್ಕೆ ಹೋಗುತ್ತದೆ.

ಕಂಟ್ರೋಲರು ಮಿನುಗಿಸುವ ದೀಪಗಳೂ ನೆರವಿಗೆ ಬರುತ್ತವೆ. ಬಹಳ ಕಡೆ ಬಳಕೆಯಲ್ಲಿರುವ ವಿಆರ್2 ಕಂಟ್ರೋಲರಿನಲ್ಲಿ ಬ್ಯಾಟರಿ ಸೂಚಕದ ಎರಡು ಪಟ್ಟಿಗಳು ಮಿನುಗಿದರೆ ಎಡ ಮೋಟಾರಿನ ಸಂಪರ್ಕ ಸರಿಯಿಲ್ಲ, ನಾಲ್ಕು ಮಿನುಗಿದರೆ ಬಲ ಮೋಟಾರಿನದು, ಒಂಬತ್ತು ಮಿನುಗಿದರೆ ಬ್ರೇಕಿನದು. ಉಳಿದ ಕಂಟ್ರೋಲರುಗಳ ಸಂಜ್ಞೆಗಳು ಬೇರೆ, ಅವುಗಳಿಗೆ ಕೈಪಿಡಿಯನ್ನೇ ನೋಡಬೇಕು. ಆದರೆ ಸಂಜ್ಞೆ ತೋರಿಸುವುದು ಕೆಟ್ಟ ದಾರಿಯನ್ನು, ಕೆಟ್ಟ ವಸ್ತುವನ್ನಲ್ಲ. ‘ಎಡ ಮೋಟಾರಿನ ಸಂಪರ್ಕ’ ಎಂದರೆ ಸಡಿಲವಾದ ಕನೆಕ್ಟರ್ ಇರಬಹುದು, ಆಸನದ ಸಂದಿಗೆ ಸಿಕ್ಕಿ ಜಜ್ಜಿಹೋದ ಕೇಬಲ್ ಇರಬಹುದು, ಸವೆದ ಬ್ರಷ್ ಕೂಡ ಇರಬಹುದು. ಸಂಜ್ಞೆ ಕಂಡ ಕೂಡಲೇ ಹೊಸ ಮೋಟಾರು ತರಿಸಿದವರು ದುಡ್ಡು ಕಳೆದುಕೊಂಡಿದ್ದಾರೆ.

ಬ್ರಷ್‌ಗಳ ವಿಷಯಕ್ಕೆ ಬಂದರೆ, ಇದು ನಮ್ಮ ಊರುಗಳ ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ಚೆನ್ನಾಗಿ ಗೊತ್ತಿರುವ ಕೆಲಸ. ಕಾರಿನ ಸ್ಟಾರ್ಟರ್ ಮೋಟಾರಿನಲ್ಲಿ ಇರುವಂಥದೇ ಕಾರ್ಬನ್ ಬ್ರಷ್ ಇಲ್ಲಿಯೂ ಸ್ಪ್ರಿಂಗಿನ ಒತ್ತಡದಿಂದ ತಾಮ್ರದ ಕಮ್ಯುಟೇಟರಿಗೆ ಒರಗಿ ನಿಂತಿರುತ್ತದೆ. ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡ್ ಮಾಡುವ ಅಂಗಡಿಗಳು ಕರ್ನಾಟಕದ ಹಲವೆಡೆ ಇವೆಯಾದರೂ, ಸಾಮಾನ್ಯ ಪಂಪ್‌ಸೆಟ್ಟಿನ ಮೋಟಾರಿನಲ್ಲಿ ಬ್ರಷ್ಷೂ ಇಲ್ಲ, ಶಾಶ್ವತ ಅಯಸ್ಕಾಂತವೂ ಇಲ್ಲ. ಆದ್ದರಿಂದ ಸೇವಾ ಕೇಂದ್ರ ದೂರವಿರುವ ಊರಿನಲ್ಲಿ ಮೊದಲು ಹೋಗಬೇಕಾದದ್ದು ಕಾರು, ಟ್ರ್ಯಾಕ್ಟರುಗಳ ಸ್ಟಾರ್ಟರ್ ಬಿಚ್ಚುವವರ ಬಳಿಗೆ. ಹಲವು ಮೋಟಾರುಗಳಲ್ಲಿ ಬ್ರಷ್‌ನ ಮುಚ್ಚಳ ಹೊರಮೈಯಲ್ಲೇ ಇದ್ದು, ಸ್ಕ್ರೂಡ್ರೈವರಿನಿಂದ ತೆರೆಯಬಹುದು. ತೆಗೆಯುವ ಮುನ್ನ ಬ್ರಷ್ ಯಾವ ಮಗ್ಗುಲಿಗೆ ಕೂತಿತ್ತೆಂದು ಗುರುತು ಹಾಕಿಕೊಳ್ಳಬೇಕು. ಅದರ ಬಾಗು ಕಮ್ಯುಟೇಟರಿನ ಬಾಗಿಗೆ ಹೊಂದಿ ಸವೆದಿರುತ್ತದೆ, ತಿರುಗಿಸಿ ಕೂರಿಸಿದರೆ ಅಂಚು ಮಾತ್ರ ತಾಗಿ ಕಿಡಿ ಹಾರುತ್ತದೆ. ಒಂದು ಮೋಟಾರಿನ ಬ್ರಷ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಹೊಸ ಬ್ರಷ್ ಕಮ್ಯುಟೇಟರಿಗೆ ಹೊಂದಿಕೊಳ್ಳಲು ಕೆಲವು ಗಂಟೆಗಳ ಹಗುರ ಓಡಾಟ ಬೇಕು, ಮೊದಲ ದಿನವೇ ಏರು ಹತ್ತಿಸಬಾರದು.

ಕಪ್ಪಾದ ಕಮ್ಯುಟೇಟರನ್ನು ಉಜ್ಜಲು ನುಣ್ಣನೆಯ ಮರಳು ಕಾಗದ ಬಳಸಬೇಕೇ ಹೊರತು ಎಮರಿ ಬಟ್ಟೆಯನ್ನಲ್ಲ. ಎಮರಿಯ ಪುಡಿ ವಿದ್ಯುತ್ ಹರಿಸಬಲ್ಲದು, ಪಟ್ಟಿಗಳ ನಡುವಿನ ಸಂದಿಯಲ್ಲಿ ಉಳಿದರೆ ಹೊಸ ಶಾರ್ಟಿಗೆ ಕಾರಣವಾಗುತ್ತದೆ. ಆರ್ಮೇಚರನ್ನು (ಮೋಟಾರಿನೊಳಗೆ ತಿರುಗುವ ಸುರುಳಿಯ ಭಾಗವನ್ನು) ಹೊರತೆಗೆಯುವವರು ಅಯಸ್ಕಾಂತಗಳ ಸೆಳೆತವನ್ನು ಲಘುವಾಗಿ ಎಣಿಸಬಾರದು. ಅದು ಬೆರಳನ್ನು ಜಜ್ಜುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದರೆ ಪೆಡಸಾದ ಅಯಸ್ಕಾಂತ ಸೀಳುತ್ತದೆ.

ಮೋಟಾರು ಸುಡುವುದಕ್ಕೆ ಸಾಮಾನ್ಯ ಕಾರಣ ಓಟವಲ್ಲ, ಓಡಲಾಗದ ಸ್ಥಿತಿ. 250 ವ್ಯಾಟಿನ ಮೋಟಾರು 24 ವೋಲ್ಟಿನಲ್ಲಿ ತನ್ನ ಪೂರ್ಣ ಹೊರೆಗೆ ಸುಮಾರು 10 ಆಂಪಿಯರ್ ಎಳೆಯುತ್ತದೆ. ಚಕ್ರ ಹೊಸಿಲಿಗೋ ಫುಟ್‌ಪಾತಿನ ಕಲ್ಲಿಗೋ ಸಿಕ್ಕಿ ತಿರುಗದೆ ನಿಂತಾಗ ತಿರುಗುವಾಗ ಮೋಟಾರೇ ಹುಟ್ಟಿಸಿ ಕರೆಂಟನ್ನು ತಡೆಯುವ ಎದುರು ವೋಲ್ಟೇಜ್ ಇಲ್ಲದಿರುವುದರಿಂದ ಅದೇ ಮೋಟಾರು, ಕಂಟ್ರೋಲರು ಬಿಟ್ಟುಕೊಟ್ಟಷ್ಟೂ, ಅದರ ಹಲವು ಪಟ್ಟು ಕರೆಂಟನ್ನು ಎಳೆದು ಎಲ್ಲವನ್ನೂ ಶಾಖವಾಗಿಸುತ್ತದೆ. ಅಂಥಲ್ಲಿ ಜಾಯ್‌ಸ್ಟಿಕ್ಕನ್ನು ಒತ್ತಿಹಿಡಿಯುವ ಬದಲು ಹಿಂದೆ ಸರಿದು ದಾರಿ ಬದಲಿಸುವುದೇ ಸರಿ.

ಬ್ರೇಕಿನ ಒಳಗೆ ಇರುವುದು ನಾಲ್ಕೇ ವಸ್ತು: ತಾಮ್ರದ ಸುರುಳಿ, ಅದರ ಎದುರು ಕಬ್ಬಿಣದ ತಟ್ಟೆ, ತಟ್ಟೆಯನ್ನು ಸುರುಳಿಯಿಂದ ಆಚೆಗೆ ತಳ್ಳುವ ಸ್ಪ್ರಿಂಗುಗಳು, ಮತ್ತು ಮೋಟಾರಿನ ಶಾಫ್ಟಿನೊಂದಿಗೆ ತಿರುಗುವ ಘರ್ಷಣೆಯ ಬಿಲ್ಲೆ. ವಿದ್ಯುತ್ ಇಲ್ಲದಾಗ ಸ್ಪ್ರಿಂಗುಗಳು ತಟ್ಟೆಯನ್ನು ಬಿಲ್ಲೆಗೆ ಒತ್ತುತ್ತವೆ, ಶಾಫ್ಟ್ ನಿಲ್ಲುತ್ತದೆ. ವಿದ್ಯುತ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ತಟ್ಟೆಯನ್ನು ತನ್ನತ್ತ ಸೆಳೆಯುತ್ತದೆ, ಬಿಲ್ಲೆ ಬಿಡುಗಡೆಯಾಗುತ್ತದೆ. ತಟ್ಟೆಗೂ ಸುರುಳಿಗೂ ನಡುವಿನ ಸಂದಿ ಒಂದು ಮಿಲಿಮೀಟರಿನ ಕೆಲವು ಹತ್ತನೇ ಭಾಗಗಳಷ್ಟು ಮಾತ್ರ, ಮತ್ತು ಇಡೀ ಬ್ರೇಕಿನ ಹಣೆಬರಹ ಆ ಸಂದಿಯಲ್ಲಿದೆ.

ಸ್ಕೂಟರಿನ ಬ್ರೇಕು ಸವೆದರೆ ಹಿಡಿಯುವುದಿಲ್ಲ. ಈ ಬ್ರೇಕು ಸವೆದರೆ ಮೊದಲು ಬಿಡುವುದಿಲ್ಲ. ಬಿಲ್ಲೆ ತೆಳ್ಳಗಾದಂತೆ ಸ್ಪ್ರಿಂಗುಗಳು ತಟ್ಟೆಯನ್ನು ಇನ್ನಷ್ಟು ದೂರ ತಳ್ಳುತ್ತವೆ, ಸಂದಿ ಅಗಲವಾಗುತ್ತದೆ, ಅಷ್ಟು ದೂರದ ತಟ್ಟೆಯನ್ನು ಸೆಳೆಯುವ ಶಕ್ತಿ ಸುರುಳಿಗೆ ಇರುವುದಿಲ್ಲ. ಇದಕ್ಕೆ ಶಾಖವೂ ಸೇರಿಕೊಳ್ಳುತ್ತದೆ. 10 ವ್ಯಾಟಿನ ಸುರುಳಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 24 ವೋಲ್ಟಿಗೆ ಅದರ ಪ್ರತಿರೋಧ ಸುಮಾರು 58 ಓಮ್, ಕರೆಂಟು 0.42 ಆಂಪಿಯರ್. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಶೇ 0.4ರಷ್ಟು ಹೆಚ್ಚುವುದರಿಂದ, ಸುರುಳಿ 60 ಡಿಗ್ರಿಯಷ್ಟು ಬಿಸಿಯೇರಿದಾಗ ಕರೆಂಟು 0.34 ಆಂಪಿಯರಿಗೆ ಇಳಿಯುತ್ತದೆ. ಸೆಳೆತ ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ ಅದು ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ. ಬೆಳಿಗ್ಗೆ ಸಲೀಸಾಗಿ ಹೊರಟ ಕುರ್ಚಿ ಮಧ್ಯಾಹ್ನದ ಬಿಸಿಲಿನಲ್ಲಿ, ಬ್ಯಾಟರಿಯೂ ಅರ್ಧ ಖಾಲಿಯಾದ ಹೊತ್ತಿನಲ್ಲಿ, ಮೊಂಡು ಹಿಡಿದು ನಿಲ್ಲುವುದಕ್ಕೆ ವಿವರಣೆ ಇಲ್ಲಿದೆ. ಬ್ರೇಕು ಅರೆಬರೆ ಹಿಡಿದಿದ್ದರೂ ಮೋಟಾರು ತನ್ನ ಬಲದಿಂದ ಅದನ್ನು ಎಳೆದುಕೊಂಡು ಓಡಬಹುದು. ಸುರುಳಿ ಕಡಿದಿದ್ದರೆ ಕಂಟ್ರೋಲರಿಗೆ ತಿಳಿಯುತ್ತದೆ, ತಟ್ಟೆ ಅಲುಗದಿದ್ದರೆ ತಿಳಿಯುವುದಿಲ್ಲ. ಆಗ ಒಂದು ಬದಿಯ ಮೋಟಾರು ಇನ್ನೊಂದಕ್ಕಿಂತ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಕುರ್ಚಿ ಆ ಬದಿಗೆ ವಾಲುತ್ತದೆ.

ಪರೀಕ್ಷೆ ಸುಲಭ. ತೆಳು ತಂತಿಗಳ ನಡುವಿನ ಪ್ರತಿರೋಧವನ್ನು ಅಳೆದು ಎರಡೂ ಬದಿಗಳನ್ನು ಹೋಲಿಸಬೇಕು. ಸಾಮಾನ್ಯವಾಗಿ ಅದು ಹತ್ತಾರು ಓಮ್‌ಗಳಲ್ಲಿ ಇರುತ್ತದೆ. ಅನಂತರ ಚಿಕ್ಕದೊಂದು ಫ್ಯೂಸ್ ಹಾಕಿದ ತಂತಿಯಿಂದ ಆ ತೆಳು ತಂತಿಗಳಿಗಷ್ಟೇ 24 ವೋಲ್ಟ್ ಕೊಡಬೇಕು. ‘ಟಕ್’ ಎಂಬ ಸ್ಪಷ್ಟ ಸದ್ದು ಬಂದು, ಲಿವರ್ ಮುಟ್ಟದೆಯೇ ಚಕ್ರ ಸಡಿಲವಾದರೆ ಬ್ರೇಕು ಸರಿಯಿದೆ. ಸದ್ದು ಬಾರದಿದ್ದರೆ, ಅಥವಾ ಮುಚ್ಚಳಕ್ಕೆ ಮೆಲ್ಲಗೆ ತಟ್ಟಿದಾಗ ಮಾತ್ರ ಬಂದರೆ, ಸಂದಿ ಅಗಲವಾಗಿದೆ ಅಥವಾ ತಟ್ಟೆ ತುಕ್ಕಿನಿಂದ ಅಂಟಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಆರದ ಕರಾವಳಿ ಮತ್ತು ಮಲೆನಾಡಿನಲ್ಲಿ, ಬಳಸದೆ ಮೂಲೆಯಲ್ಲಿಟ್ಟ ಕುರ್ಚಿಗೆ ಬರುವ ಕಾಯಿಲೆ ಇದು. ತುಕ್ಕನ್ನು ಒಣ ಬಟ್ಟೆ, ಉಜ್ಜುವ ಬ್ರಷ್‌ಗಳಿಂದ ತೆಗೆಯಬೇಕು. ಎಣ್ಣೆಯನ್ನಾಗಲಿ ತುಕ್ಕು ಬಿಡಿಸುವ ಸ್ಪ್ರೇಯನ್ನಾಗಲಿ ಬಿಡಲೇಬಾರದು, ಘರ್ಷಣೆಯ ಬಿಲ್ಲೆ ಎಣ್ಣೆ ಕುಡಿದರೆ ಬ್ರೇಕು ಜಾರುತ್ತದೆ. ಗೇರ್‌ಬಾಕ್ಸಿನ ಸೀಲ್ ಸೋರಿ ಜಿಡ್ಡು ಬಿಲ್ಲೆಯವರೆಗೆ ಬಂದಿದ್ದರೆ ಬಿಲ್ಲೆಯನ್ನು ತೊಳೆದು ಹಾಕುವುದಕ್ಕಿಂತ ಬದಲಿಸುವುದೇ ಲೇಸು.

ಸುರುಳಿ ಸುಟ್ಟ ಬ್ರೇಕಿನ ಬಿಡಿಭಾಗ ಸಿಗದಿದ್ದಾಗ ಕೆಲವರು ಅದನ್ನು ಶಾಶ್ವತವಾಗಿ ಬಿಡಿಸಿಟ್ಟು, ಅದರ ಜಾಗದಲ್ಲಿ ಒಂದು ರೆಸಿಸ್ಟರ್ ಜೋಡಿಸಿ ಕಂಟ್ರೋಲರನ್ನು ನಂಬಿಸುತ್ತಾರೆ. ಕುರ್ಚಿ ಓಡುತ್ತದೆ, ಯಾವ ದೀಪವೂ ಮಿನುಗುವುದಿಲ್ಲ. ಆದರೆ ರ್‍ಯಾಂಪಿನ ಮಧ್ಯದಲ್ಲಿ ಬ್ಯಾಟರಿ ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಆ ಬದಿಯ ಚಕ್ರವನ್ನು ಹಿಡಿಯುವುದು ಏನೂ ಇರುವುದಿಲ್ಲ. ಇದನ್ನು ತಾತ್ಕಾಲಿಕ ದುರಸ್ತಿಯೆಂದು ಕರೆಯುವುದೂ ತಪ್ಪು.

ಗೇರ್‌ಬಾಕ್ಸಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಮೋಟಾರು ತಿರುಗುವ ಸದ್ದು ಬಂದರೂ ಚಕ್ರ ಸುಮ್ಮನಿದ್ದರೆ, ಅಥವಾ ಮುಂದಕ್ಕೂ ಹಿಂದಕ್ಕೂ ಬದಲಿಸುವಾಗ ‘ಕಟ್’ ಎಂದು ಆಟವಾಡಿದರೆ, ಚಕ್ರದ ಶಾಫ್ಟಿನ ಕೀ (ಚಕ್ರವನ್ನು ಶಾಫ್ಟಿಗೆ ಬಿಗಿಯುವ ಸಣ್ಣ ಲೋಹದ ತುಂಡು) ಮುರಿದಿರಬಹುದು. ಲೇತ್ ಕೆಲಸದವರು ಅರ್ಧ ಗಂಟೆಯಲ್ಲಿ ಹೊಸದನ್ನು ಮಾಡಿಕೊಡುತ್ತಾರೆ. ಒಂದೇ ಸಮನೆ ಗೊರಗೊರ ಸದ್ದಿದ್ದರೆ ಬೇರಿಂಗು ಅಥವಾ ಗೇರಿನ ಹಲ್ಲು ಸವೆದಿದೆ.

ಒಂದು ಬದಿಗೆ ಹೊಸ ಮೋಟಾರು ಹಾಕಿದ ಮೇಲೆ ಕುರ್ಚಿ ನೇರವಾಗಿ ಹೋಗದಿದ್ದರೆ ಗಾಬರಿಯಾಗಬೇಕಿಲ್ಲ. ಮೋಟಾರಿನ ಪ್ರತಿರೋಧಕ್ಕೆ ತಕ್ಕಂತೆ ಹೊರೆಯನ್ನು ಸರಿದೂಗಿಸುವ ಅಂಕಿಯೊಂದು ಕಂಟ್ರೋಲರಿನಲ್ಲಿ ದಾಖಲಾಗಿರುತ್ತದೆ. ಅದನ್ನು ಸೇವಾ ಕೇಂದ್ರದವರ ಪ್ರೋಗ್ರಾಮರ್ ಉಪಕರಣದಿಂದ ಹೊಂದಿಸಬೇಕಾಗುತ್ತದೆ. ಈ ಅಂಕಿ ಹೆಚ್ಚಾದರೆ ಕುರ್ಚಿ ಜಿಗಿದು ಹೊರಡುತ್ತದೆ, ಕಡಿಮೆಯಾದರೆ ಏರಿನಲ್ಲಿ ಸೊರಗುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಬ್ರೇಕಿನ ಪರೀಕ್ಷೆಯನ್ನು ಬಳಸುವ ವ್ಯಕ್ತಿಯನ್ನು ಕೂರಿಸಿ ಮಾಡಬಾರದು. 25 ಕಿಲೋ ಅಕ್ಕಿ ಮೂಟೆಗಳನ್ನು, ಆ ವ್ಯಕ್ತಿಯ ತೂಕಕ್ಕೆ ಸರಿಹೊಂದುವಷ್ಟು, ಆಸನದಲ್ಲಿಟ್ಟು ಬಿಗಿದು ಕಟ್ಟಿ, 12 ಅಡಿ ಉದ್ದಕ್ಕೆ 1 ಅಡಿ ಏರುವ ರ್‍ಯಾಂಪಿನ ಮಧ್ಯದಲ್ಲಿ ನಿಲ್ಲಿಸಿ ಸ್ವಿಚ್ ಆರಿಸಬೇಕು. ಕುರ್ಚಿ ಜಾರಿದರೆ ಹಿಡಿಯಲು ಕೆಳಗಡೆ ಒಂದು ಮರದ ಅಡ್ಡಪಟ್ಟಿ ಇರಲಿ. ಎರಡೂ ಟೈರುಗಳಿಂದ ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು ನೋಡಬೇಕು. ಅನಂತರ ಕುರ್ಚಿಯ ಮುಖವನ್ನು ಎದುರು ದಿಕ್ಕಿಗೆ ತಿರುಗಿಸಿ ಇನ್ನೊಮ್ಮೆ ನೋಡಬೇಕು. ಯಾವ ಟೈರಿನ ಗೆರೆ ನೆಲದ ಗೆರೆಯಿಂದ ಸರಿದಿದೆಯೋ ಆ ಬದಿಯ ಬ್ರೇಕಿನ ಮುಚ್ಚಳವನ್ನು ಮತ್ತೆ ಬಿಚ್ಚಬೇಕು.